ಅಂಗಿಯ ಮೇಲಿನ ಗುನಗಾ

ಗುನಗಾ ಎಂಬ ಅಡ್ಡಹೆಸರು ಇಟ್ಟುಕೊಂಡು ದೇವರ ಪೂಜೆ ಬರುವುದಿಲ್ಲ ಎಂದರೆ, ಖಾರ್ವಿಯರ ಮನೆಯಲ್ಲಿ ಹುಟ್ಟಿ ಮೀನು ತಿನ್ನುವುದಿಲ್ಲ ಎಂದ ಹಾಗೆ. ಯಾರೂ ನಂಬುವುದಿಲ್ಲ. ಹೀಗೆ ನಂಬದವರ ಕೈಗೆ ಸಿಕ್ಕಿ ನನಗಾದ ಫಜೀತಿ ಒಂದೆರಡಲ್ಲ, ಇನ್ನೂ ಆಗುತ್ತಲೇ ಇದೆ.

ನಮ್ಮ ಕಡೆ ಊರದೇವತೆಯ ಪೂಜೆ ಮಾಡುವವನಿಗೆ ಗುನಗ ಎನ್ನುತ್ತಾರೆ. ಮೊದಲು ಅದು ಕೆಲಸದ ಹೆಸರಾಗಿತ್ತು, ಆಮೇಲೆ ಮನೆತನದ ಹೆಸರಾಯಿತು, ಈಗ ಆಧಾರ್ ಕಾರ್ಡಿನಲ್ಲೂ ಅದೇ. ನಾನು ಮಾತ್ರ ಪೂಜೆಯವನಲ್ಲ, ಕಾರವಾರ–ಅಂಕೋಲಾ ಬಸ್ಸಿನ ಕಂಡಕ್ಟರು. ಸಣ್ಣವನಿದ್ದಾಗಲೇ ಕಾರವಾರದ ಸೋದರಮಾವನ ಮನೆಗೆ ಶಾಲೆಗೆಂದು ಹೋದವ, ಗುಡಿಯ ಒಳಗಿನ ಕೆಲಸ ಕಲಿಯಲೇ ಇಲ್ಲ. ಅಂಕೋಲಾ ಕಡೆಯ ನಮ್ಮೂರ ದೇವಿಯ ಪೂಜೆ ಮಾಡುವ ಖರೇ ಗುನಗ ನನ್ನ ಅಣ್ಣ.

ಆ ಅಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಬಲಿತು ಹೋಗಿದೆ, ಇನ್ನು ತಡ ಮಾಡಿದರೆ ಕಣ್ಣೇ ಹೋದೀತು, ಆಪರೇಶನ್ ಮಾಡಿಸಿ" ಎಂದು ಡಾಕ್ಟರು ಹೇಳಿದರೂ ಅಣ್ಣ ಜಪ್ಪಯ್ಯ ಎನ್ನಲಿಲ್ಲ. ಆ ಕಣ್ಣು ಉಳಿದ ಕತೆ ಹೇಳಲೆಂದೇ ಈಗ ಕೂತಿದ್ದೇನೆ. ಆದರೆ ಕಂಡಕ್ಟರನ ಜಾತಿ ನೋಡಿ, ನಡುವಿನ ಸ್ಟಾಪುಗಳಲ್ಲಿ ನಿಲ್ಲಿಸದೆ ಮುಂದೆ ಹೋಗಿ ಗೊತ್ತಿಲ್ಲ.

ಕಣ್ಣಿಗೊತ್ತಿಕೊಂಡ ಟಿಕೇಟು

ಕಂಡಕ್ಟರನ ಅಂಗಿಯ ಮೇಲೆ ಹೆಸರಿನ ಪಟ್ಟಿ ಇರುತ್ತದಲ್ಲ, ನನ್ನ ಎಲ್ಲ ತಾಪತ್ರಯಕ್ಕೂ ಅದೇ ಮೂಲ. ಒಂದು ದಿನ ಬೆಳಿಗ್ಗೆ ಕಾರವಾರದಲ್ಲಿ ಮೀನು ಮಾರುವ ಅಕ್ಕ ಒಬ್ಬಳು ತುಂಬಿದ ಬುಟ್ಟಿ ಹಿಡಿದು ಹತ್ತಿದಳು. ನಮ್ಮೂರಿನವಳೇ, ಬಾಯಿ ಸ್ವಲ್ಪ ಜೋರು. ಹೆಂಗಸರಿಗೆ ಈಗ ಟಿಕೇಟಿಗೆ ದುಡ್ಡಿಲ್ಲ, ಆದರೂ ಚೀಟಿ ಹರಿದು ಕೊಡಲೇಬೇಕು. ಕೊಟ್ಟೆ. ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಎಂತದ್ರಾ ಅಕ್ಕಾ ಇದು? ಟಿಕೇಟು ಅದು, ಪ್ರಸಾದ ಅಲ್ಲ" ಎಂದೆ.

"ನಂಗೆ ಗೊತ್ತದೆ. ಆದ್ರೆ ಗುನಗರ ಕೈಯಿಂದ ಬಂದದ್ದನ್ನ ಹಂಗೇ ಬ್ಲೌಸಿಗೆ ತುರುಕೂಕೆ ಮನ್ಸು ಬರೂದಿಲ್ಲ. ನಿನ್ನೆನೂ ನಿಮ್ದೇ ಬಸ್ಸಿಗೆ ಹೋದೆ, ಹತ್ತು ಗಂಟೆ ಒಳಗೆ ಬುಟ್ಟಿ ಖಾಲಿ" ಎಂದಳು.

ಅವಳ ಹಿಂದೆ ಇದ್ದ ನಾಲ್ಕೈದು ಬುಟ್ಟಿಯವರು ಇದನ್ನು ಕೇಳಿದ್ದೇ ತಡ, ಎಲ್ಲರೂ ಕೈ ಒಡ್ಡಿದರು, ಎಲ್ಲರೂ ಕಣ್ಣಿಗೆ ಒತ್ತಿಕೊಂಡರು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಮುಂದೆ ಹೋದೆ. ಮುಂದಿನ ಸೀಟಿನಲ್ಲಿ ಬಯಲುಸೀಮೆಯ ಕಡೆಯಿಂದ ಮೊದಲ ಸಲ ಕರಾವಳಿಗೆ ಬಂದ ಒಬ್ಬರು ಕೂತಿದ್ದರು. ಇದನ್ನೆಲ್ಲ ನೋಡುತ್ತಿದ್ದ ಅವರು ಟಿಕೇಟನ್ನು ಕಣ್ಣಿಗೆ ಒತ್ತಿಕೊಂಡು, ಮೆಲ್ಲಗೆ ಕೇಳಿದರು: "ಸಾರ್, ಚಪ್ಪಲಿ ಕಾಲಲ್ಲೇ ಇರಬಹುದಾ, ತೆಗೀಬೇಕಾ?"

ಆಯುಧಪೂಜೆಯ ಮಂತ್ರ

ಒಂದು ವರ್ಷ ನಮ್ಮ ಬಸ್ ಡಿಪೋಗೆ ಹೊಸ ಸಾಹೇಬರು ಬಂದರು. ಘಟ್ಟದ ಮೇಲಿನವರು, ದೈವಭಕ್ತರು. ಗುನಗ ಎಂದರೆ ಪೂಜಾರಿ ಎಂದು ಅವರಿಗೆ ಯಾರು ಹೇಳಿದರೋ, ಆಯುಧಪೂಜೆಯ ದಿನ ಭಟ್ಟರು ಬರಲು ತಡವಾದದ್ದೇ ನೆವವಾಯಿತು. "ನಮ್ಮಲ್ಲೇ ಪೂಜಾರರು ಇದ್ದಾರಲ್ರೀ! ಬರ್ರಿ ಗುನಗಾ, ಶುರು ಮಾಡ್ರಿ" ಎಂದರು.

"ಸಾಹೇಬರೇ, ನಂಗೆ ಮಂತ್ರ ಬರುವುದಿಲ್ಲ" ಎಂದೆ.

"ಎಷ್ಟು ವಿನಯ ನೋಡ್ರಿ!" ಎಂದು ಅವರು ಉಳಿದವರಿಗೆ ಹೇಳಿ, ಕೈ ಮುಗಿದು ಕಣ್ಣು ಮುಚ್ಚಿ ನಿಂತೇಬಿಟ್ಟರು. ಅವರು ನಿಂತ ಮೇಲೆ ಉಳಿದವರೂ ಕಣ್ಣು ಮುಚ್ಚಿದರು. ನನ್ನ ಕೈಯಲ್ಲಿ ಉರಿಯುವ ಆರತಿ, ಎದುರಿಗೆ ಮಾಲೆ ಹಾಕಿಕೊಂಡ ಬಸ್ಸು. ಏನಾದರೂ ಗುಣಗುಣ ಅನ್ನದೆ ಬೇರೆ ದಾರಿಯೇ ಇರಲಿಲ್ಲ. ಜನ್ಮದಲ್ಲಿ ನನಗೆ ಬಾಯಿಪಾಠ ಬರುವುದು ಒಂದೇ. ಅದನ್ನೇ ರಾಗವಾಗಿ ಎಳೆದೆ: "ಕಾರವಾರಂ... ಬಿಣಗಾ... ಅರಗಾ... ಚೆಂಡಿಯಾ... ತೋಡೂರು... ಅಮದಳ್ಳಿ... ಅವರ್ಸಾ... ಹಟ್ಟಿಕೇರಿ... ಅಂಕೋಲಾ..." ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಟಾಯರಿನ ಕೆಳಗಿನ ಲಿಂಬೆಹಣ್ಣು ಜಜ್ಜಿಹೋಯಿತು, ಕಾಯಿ ಒಡೆಯಿತು, ಎಲ್ಲ ಸಾಂಗವಾಗಿ ಮುಗಿಯಿತು.

ಸಾಹೇಬರು ಕಣ್ಣು ಬಿಟ್ಟು, "ಬಹಳ ಶಾಂತಿ ಸಿಕ್ತು ನೋಡ್ರಿ" ಎಂದರು. ನನ್ನ ಡ್ರೈವರು ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದ: "ಗುನಗರೇ, ಹಾರವಾಡದ ಸ್ಟಾಪು ಬಿಟ್ರಿ. ಅಲ್ಲಿನವರು ನಿಂತೇ ಇದ್ದಾರೆ."

ಬಿಳಿ ಅಂಗಿಯವರ ಬಸ್ಸು

ಇಷ್ಟೆಲ್ಲ ನಗೆಯ ನಡುವೆ ಅಣ್ಣನ ಕಣ್ಣು ಮಾತ್ರ ದಿನದಿನಕ್ಕೆ ಮಂಜಾಗುತ್ತಿತ್ತು. ಅವನು ಒಪ್ಪಿಕೊಳ್ಳಬೇಕಲ್ಲ! "ನಂಗೆ ಎಲ್ಲ ಕಾಣ್ತದೆ, ಸ್ವಲ್ಪ ದೂರದ್ದು ಕಾಣೂದಿಲ್ಲ, ಸ್ವಲ್ಪ ಹತ್ರದ್ದು ಕಾಣೂದಿಲ್ಲ, ಅಷ್ಟೇ" ಎನ್ನುತ್ತಿದ್ದ.

ಒಂದು ದಿನ ಗುಡಿಗೆ ಬೇಕಾದ ಎಣ್ಣೆ, ಬತ್ತಿ ತರಲು ಒಬ್ಬನೇ ಕಾರವಾರಕ್ಕೆ ಹೊರಟ. ಸಂಜೆ ಮನೆಯಲ್ಲಿ ಸಿಕ್ಕಾಗ ನನಗೇ ಬುದ್ಧಿ ಹೇಳಿದ.

"ತಮಾ, ಬಸ್ಸು ಅಂದ್ರೆ ಇವತ್ತು ನಾ ಹೋದಂಥದ್ದು. ಎಷ್ಟು ಸ್ವಚ್ಛ! ಒಬ್ರೂ ಗಲಾಟೆ ಮಾಡೂದಿಲ್ಲ. ನಾ ಹತ್ತಿದ ಕೂಡ್ಲೆ ನಾಲ್ಕು ಜನ ಎದ್ದು ಜಾಗ ಕೊಟ್ರು. ಕಂಡಕ್ಟರ್ ಟಿಕೇಟೇ ಕೇಳ್ಲಿಲ್ಲ. ನೀವೂ ಇದ್ದೀರಿ, ಬರೀ ಮುಂದೆ ಹೋಗಿ ಮುಂದೆ ಹೋಗಿ ಅಂತ ಒದರ್ತೀರಿ."

"ಯಾವ ಬಸ್ಸಾ ಅದು?"

"ಯಾರದ್ದೋ ಮದ್ವೆ ದಿಬ್ಬಣ ಇರ್ಬೇಕು. ಎಲ್ಲಾ ಒಂದೇ ನಮೂನೆ ಬಿಳಿ ಅಂಗಿ ಹಾಕಿದ್ರು. ಅರಗಾದಲ್ಲಿ ಇಳಿಸಿ, ಚಾ ಕುಡಿಸಿ, ಮುಂದಿನ ಬಸ್ಸನ್ನ ಅವ್ರೇ ಕೈ ಮಾಡಿ ನಿಲ್ಸಿಕೊಟ್ರು."

ಅರಗಾದಲ್ಲಿ ಇರುವುದು ನೌಕಾನೆಲೆ. ಅಣ್ಣ ಹೆದ್ದಾರಿಯ ನಡುವೆ ನಿಂತು ಎರಡೂ ಕೈ ಬೀಸಿ ನಿಲ್ಲಿಸಿ ಹತ್ತಿದ್ದು ನೇವಿಯವರ ಬಸ್ಸು! ಆ ಪುಣ್ಯಾತ್ಮರು ಅವನು ತಡವರಿಸಿಕೊಂಡು ಹತ್ತಿದ್ದನ್ನು ನೋಡಿ, ಕಣ್ಣು ಕಾಣದ ಮುದುಕ ಎಂದು ತಿಳಿದು, ಮನೆಯ ಹಿರಿಯನನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದರು. ಅವರಿಗೆ ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಣ್ಣನಿಗೆ ಮಾತ್ರ ವಿಷಯ ಗೊತ್ತಾದ ಮೇಲೂ ಒಂದೇ ಚಿಂತೆ: "ಛೆ, ಮದ್ವೆ ಎಲ್ಲಿ ಅಂತ ಕೇಳ್ದೆ, ಯಾರೂ ಹೇಳ್ಲಿಲ್ಲ. ಹಂಗಾರೆ ಅದಕ್ಕೇ ಹೇಳ್ಲಿಲ್ಲ ಅನ್ನು!"

ನೆಗಡಿಯಾದ ಭಕ್ತ

ಈಗ ಒಂದು ಗುಟ್ಟು ಹೇಳಬೇಕು. ನಮ್ಮ ಗುಡಿಯಲ್ಲಿ ಪ್ರಸಾದ ಕೇಳುವುದು ಎಂದಿದೆ. ದೋಣಿ ನೀರಿಗೆ ಇಳಿಸಬೇಕೆ, ಬಾವಿ ತೋಡಬೇಕೆ, ಹೆಣ್ಣು ಕೊಡಬೇಕೆ, ಇಂಥ ಪ್ರಶ್ನೆ ಹೊತ್ತು ಜನ ಬರುತ್ತಾರೆ. ಗುನಗ ದೇವಿಯ ಎರಡೂ ಭುಜಕ್ಕೆ ಒದ್ದೆ ಮಾಡಿದ ಹೂವಿನ ಎಸಳು ಅಂಟಿಸಿ, ಬಂದವರ ಪರವಾಗಿ ಮೊರೆ ಇಡುತ್ತಾನೆ. ಬಲದ ಎಸಳು ಮೊದಲು ಬಿದ್ದರೆ "ಆಗಲಿ" ಎಂದು, ಎಡದ್ದು ಬಿದ್ದರೆ "ತಡಿ" ಎಂದು ಅರ್ಥ. ಯಾವುದು ಬಿತ್ತೆಂದು ಗುನಗ ಬಾಯಿಬಿಟ್ಟು ಹೇಳಿದ ಮೇಲೆಯೇ ಅದು ದೇವಿಯ ಮಾತು.

ಸರಿ, ಕಣ್ಣಿಲ್ಲದ ಅಣ್ಣ ಅದನ್ನು ಹೇಗೆ ಹೇಳುತ್ತಿದ್ದ? ಕಿವಿಯಿಂದ! ಬಲದ್ದು ಬಿದ್ದರೆ ಕೇಳಲು ಬಂದವರು "ಹಾಂ..." ಎಂದು ಉಸಿರು ಬಿಡುತ್ತಾರೆ. ಎಡದ್ದು ಬಿದ್ದರೆ ನಾಲಗೆ ಲೊಚಗುಡುತ್ತದೆ. ಅಣ್ಣ ಅದನ್ನು ಕೇಳಿಕೊಂಡು ಗಂಭೀರವಾಗಿ "ಬಲ ಆಯ್ತು" ಎನ್ನುತ್ತಿದ್ದ. ಒಂದು ಸಲವೂ ತಪ್ಪಿರಲಿಲ್ಲ. ಊರಿಗೆ ಊರೇ ಇದನ್ನು ಅರಿಯದು, ಅತ್ತಿಗೆಗೂ ತಿಳಿಯದು.

ಸಿಕ್ಕಿಬಿದ್ದದ್ದು ಮಂಜಗುಣಿಯ ದೋಣಿ ಮಾಲಕ ಒಬ್ಬ ಬಂದ ದಿನ. ಅವನು ಹೊಸ ದೋಣಿಯ ಬಗ್ಗೆ ಕೇಳಲು ಬಂದಿದ್ದ. ಪಾಪ, ಮೂಗು ಕಟ್ಟಿ, ಗಂಟಲು ಬಿದ್ದು, ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ನನಗೆ ಅಂದು ರಜೆ, ಬಾಗಿಲಲ್ಲಿ ನಿಂತಿದ್ದೆ. ಎಸಳು ಬಿದ್ದದ್ದು ನನಗೂ ಕಂಡಿತು, ಯಾವ ಬದಿಯದೆಂದು ಮಾತ್ರ ಅಲ್ಲಿಂದ ಗೊತ್ತಾಗಲಿಲ್ಲ. ಅಣ್ಣ ಮಾತಾಡಲೇ ಇಲ್ಲ. ಕಾದ. ಭಕ್ತನೂ ಕಾದ. ಇಬ್ಬರೂ ಎಷ್ಟು ಹೊತ್ತು ಕಾದರೆಂದರೆ ದೀಪಕ್ಕೆ ಎರಡನೇ ಸಲ ಎಣ್ಣೆ ಹಾಕಬೇಕಾಯಿತು. ಕೊನೆಗೆ ಅಣ್ಣ, "ನಿನ್ನ ಮನ್ಸಿಗೆ ಎಂತ ಅನ್ನಿಸ್ತದೆ?" ಎಂದ.

"ಬಲ ಅದ್ಸ್ತದೆ" ಎಂದ ಅವನು ಮೂಗಿನಲ್ಲಿ.

"ಮತ್ತೆ! ಬಲವೇ. ಪ್ರಶ್ನೆ ಕೇಳೂಕೆ ಬರುವಾಗ ಒಂದು ಲೋಟ ಕಷಾಯ ಕುಡ್ದು ಬರ್ಬೇಕು" ಎಂದು ಅಣ್ಣ ಅವನಿಗೇ ಬೈದು ಕಳಿಸಿದ.

ಎಸಳು ಬಿತ್ತು

ಆ ದಿನ ಅಣ್ಣನನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿ ಬೈದೆ. "ಅಣ್ಣಾ, ನಾಳೆ ಕಣ್ಣು ಪೂರ್ತಿ ಹೋದ್ರೆ ಅತ್ಗೆ ಮುಖನೂ ಉಸಿರು ಕೇಳಿಯೇ ಗುರ್ತು ಹಿಡೀತ್ಯಾ? ಯಾಕಾ ಈ ಹಟ?"

ಅವನು ಗುಡಿಯ ಕಡೆ ಕೈ ತೋರಿಸಿ ಹೇಳಿದ. "ಹಟ ಅಲ್ಲ ತಮಾ. ಆಪರೇಶನ್ ಆದ್ರೆ ಒಂದು ತಿಂಗ್ಳು ಬಗ್ಗೂಕಿಲ್ಲ, ತಲೆ ಮೇಲೆ ನೀರಿಲ್ಲ, ಹೊಗೆ ಕೂಡ್ದು ಅಂದಾರೆ. ಈ ವರ್ಷ ಪೂಜೆ ಪಾಳಿ ನಮ್ಮ ಮನೇದು. ಅಪ್ಪ ಜ್ವರ ಬಂದ್ರೂ ಪಾಳಿ ಬಿಟ್ಟವ ಅಲ್ಲ. ಯಾರು ಮಾಡೂದು, ನೀನಾ?"

"ನಾ ಮಾಡ್ತೆ" ಎಂದುಬಿಟ್ಟೆ.

ಅಣ್ಣ ಅಷ್ಟಕ್ಕೇ ಬಗ್ಗಲಿಲ್ಲ. "ಹಂಗಾರೆ ದೇವಿಯನ್ನ ಕೇಳ್ವಾ. ಬಲ ಆದ್ರೆ ಹೋಗ್ತೆ. ಎಡ ಆದ್ರೆ ಮತ್ತೆ ಈ ಮಾತು ಎತ್ತೂಕಿಲ್ಲ. ನನ್ನ ಪ್ರಶ್ನೆ ನಾನೇ ಹೇಳೂಕೆ ಬರೂದಿಲ್ಲ, ನೀನೇ ಗುನಗ ಆಗಿ ನಿಲ್ಲು" ಎಂದ.

ಮಂಗಳವಾರ ಬೆಳಿಗ್ಗೆ ಗುಡಿಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಮೀನಿನ ಅಕ್ಕನೂ ಬುಟ್ಟಿ ಹೊರಗಿಟ್ಟು ಬಂದಿದ್ದಳು. ಅಣ್ಣ ಕಂಬಕ್ಕೆ ಒರಗಿ ಕಿವಿ ನಿಗುರಿಸಿ ಕೂತಿದ್ದ. ನಾನು ಮೊದಲ ಸಲ ಅಪ್ಪನ ಮಡಿ ಉಟ್ಟು ದೇವಿಯ ಎದುರು ನಿಂತಿದ್ದೆ. ಎಸಳು ಅಂಟಿಸಿದೆ. ಮೊರೆ ಇಡುವ ಕ್ರಮ ಗೊತ್ತಿಲ್ಲ, ತಿಳಿದ ಹಾಗೆ ಕೇಳಿಕೊಂಡೆ. "ತಾಯೀ, ನಂಗೆ ಎಂತದೂ ಬರೂದಿಲ್ಲ. ಅಣ್ಣಂಗೆ ಕಣ್ಣು ಬೇಕು, ಅಷ್ಟೇ."

ಬಲಗಡೆಯ ಎಸಳನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತ ನಿಂತೆ. ಅದು ಅಲುಗಲಿಲ್ಲ. ಎಡಗಡೆಯದು ಸರ್ರನೆ ಜಾರಿ ಬಿತ್ತು.

ಎಡ ಎಂದರೆ ಅಣ್ಣನ ಕಣ್ಣು ಹೋಯಿತು. ಬಲ ಎಂದರೆ ದೇವಿಯ ಎದುರೇ, ಊರವರ ಎದುರೇ ಹಸಿ ಸುಳ್ಳು. ನನ್ನನ್ನು ಹೆಗಲ ಮೇಲೆ ಹೊತ್ತು ಮಾವನ ಮನೆಗೆ ಬಿಟ್ಟುಬಂದವ ಇದೇ ಅಣ್ಣ; ನೀ ಓದು, ಪೂಜೆ ನಾ ನೋಡಿಕೊಳ್ತೆ ಎಂದವ ಇವನೇ. ಕಣ್ಣು ಮುಚ್ಚಿ ಗಟ್ಟಿಯಾಗಿ ಕೂಗಿದೆ: "ಬಲ!"

ಒಂದು ಗಳಿಗೆಯೂ ತಡವಿಲ್ಲ, ಇಡೀ ಗುಡಿ "ಹಾಂ..." ಎಂದು ಉಸಿರು ಬಿಟ್ಟಿತು! ಒಬ್ಬರಾದರೂ ನಾಲಗೆ ಲೊಚಗುಟ್ಟಲಿಲ್ಲ. ಅಣ್ಣನ ಮುಖ ಅರಳಿತು. ಊರವರೆಲ್ಲ ಒಂದಾಗಿ ನನ್ನ ಸುಳ್ಳಿಗೆ ಹೆಗಲು ಕೊಟ್ಟರಲ್ಲ ಎಂದು ನನಗೆ ಅಳುವೇ ಬಂತು. ಮೀನಿನ ಅಕ್ಕನ ಕಡೆ ತಿರುಗಿ, ಉಪಕಾರವಾಯಿತು ಎಂಬ ಅರ್ಥದಲ್ಲಿ ಒಂದು ಕಣ್ಣು ಮಿಟುಕಿಸಿದೆ. ಅವಳು ಗಾಬರಿಯಾಗಿ ಅತ್ತಿಗೆಗೆ ಹೇಳಿದಳು: "ಅಣ್ಣನ್ನ ಕರ್ಕಂಡು ಹೋಗುವಾಗ ಈ ತಮ್ಮನ್ನೂ ಕರ್ಕಂಡು ಹೋಗಿ. ಇವಂದೂ ಒಂದು ಕಣ್ಣು ಸಮ ಇಲ್ಲ."

ಒಳಗೆ ಜಾಗ ಇದೆ

ಆಪರೇಶನ್ ಚೆನ್ನಾಗಿ ಆಯಿತು. ಮೊದಲು ಒಂದು ಕಣ್ಣು, ಕೆಲವು ದಿನ ಬಿಟ್ಟು ಇನ್ನೊಂದು. ನಾನು ಇದ್ದಬದ್ದ ರಜೆಯನ್ನೆಲ್ಲ ಹಾಕಿ ಗುಡಿಯಲ್ಲಿ ನಿಂತೆ. ಪ್ರಸಾದ ಕೇಳುವ ಕೆಲಸಕ್ಕೆ ಮಾತ್ರ ಕೈ ಹಚ್ಚಲಿಲ್ಲ, ಅಣ್ಣ ಬಂದ ಮೇಲೆ ಬನ್ನಿ ಎಂದು ಎಲ್ಲರನ್ನೂ ಸಾಗಹಾಕಿದೆ. ಒಂದು ಸುಳ್ಳೇ ಸಾಕಾಗಿತ್ತು.

ಉಳಿದದ್ದನ್ನು ಊರವರೇ ಕಲಿಸಿದರು. ಗಂಟೆ ಯಾವಾಗ ಬಾರಿಸಬೇಕು, ಹೂವು ಯಾವಾಗ ತೆಗೆಯಬೇಕು, ಎಲ್ಲವನ್ನೂ ಹಿಂದಿನಿಂದ ಮೆಲ್ಲಗೆ ಹೇಳಿಕೊಡುತ್ತಿದ್ದರು. ಒಬ್ಬರೂ ನಗಲಿಲ್ಲ. ಅಂದರೆ, ನನ್ನ ಎದುರು ನಗಲಿಲ್ಲ. ಶುಕ್ರವಾರ ಜನ ಬಾಗಿಲಲ್ಲಿ ಒತ್ತಿದಾಗ ಅಭ್ಯಾಸಬಲದಿಂದ "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ಒದರಿಬಿಟ್ಟೆ. ಗರ್ಭಗುಡಿಯಲ್ಲಿ ನನಗೇ ಸರಿಯಾಗಿ ಜಾಗ ಇರಲಿಲ್ಲ. ಇನ್ನೊಂದು ದಿನ ವಯಸ್ಸಾದ ಒಬ್ಬ ಅಮ್ಮ ತೀರ್ಥಕ್ಕೆಂದು ಕೈ ಚಾಚಿದಳು. ನಾನು ಉದ್ಧರಣೆ ಎತ್ತಿ ಹಿಡಿದು ಕೇಳಿದೆ: "ಎಲ್ಲಿಗೆ?"

ಅವಳು ಪಾಪ, ತಬ್ಬಿಬ್ಬಾಗಿ ಹೇಳಿದಳು: "ಮನೆಗೇ ಮಗಾ, ಮತ್ತೆಲ್ಲಿಗೆ ಹೋಗ್ಲಿ?"

ಬಲ ಯಾವುದು

ತಿಂಗಳು ಕಳೆಯಿತು. ಕಪ್ಪು ಕನ್ನಡಕ ತೆಗೆದ ದಿನ ಅಣ್ಣ ಅಂಗಳದಲ್ಲಿ ಕೂತು ಕಂಡದ್ದನ್ನೆಲ್ಲ ಹೆಸರು ಹಿಡಿದು ಕರೆದ. "ಅಗೋ ಕಾಗೆ. ಅಗೋ ದಾಸಾಳ, ಕೆಂಪು. ತಮಾ, ನಿನ್ನ ಕೂದ್ಲು ಯಾವಾಗ ಹಣ್ಣಾಯ್ತಾ?" ಎಂದು ಕೇಳಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಹೆಂಡತಿ ಎಲ್ಲರಿಗೂ ಚಾ ತಂದಳು.

ನನಗೆ ತಡೆಯಲಾಗಲಿಲ್ಲ. ಅಣ್ಣನ ಕಾಲು ಹಿಡಿದೆ. "ಅಣ್ಣಾ, ತಪ್ಪಾಯ್ತು. ಆ ದಿನ ಬಿದ್ದದ್ದು ಬಲ ಅಲ್ಲ, ಎಡ. ನಾ ಸುಳ್ಳು ಹೇಳಿದೆ. ಊರವ್ರೆಲ್ಲ ನನ್ನ ಮಾನ ಉಳಿಸೂಕೆ ಹಾಂ ಅಂದ್ರು."

ಅಣ್ಣ ಹೌಹಾರಿದ. "ಎಡ ಅಂದ್ರೆ ಯಾವ ಬದಿಗಾ?"

"ನನ್ನ ಎಡಗೈ ಬದಿಗೆ."

"ನೀ ಎಲ್ಲಿ ನಿಂತಿದ್ದೆ?"

"ದೇವಿ ಎದುರಿಗೆ."

ಅಣ್ಣ ನನ್ನನ್ನೇ ನೋಡಿದ. ಆಮೇಲೆ ಅವನ ಹೊಟ್ಟೆ ಕುಣಿಯಲು ಶುರುವಾಯಿತು. "ಏ ಮಳ್ಳಾ! ಬಲ ಅಂದ್ರೆ ದೇವಿ ಬಲ ಅಲ್ದನಾ! ಅವ್ಳು ನಿನ್ನ ಎದುರಿಗೆ ಕೂತಾಳೆ. ನಿನ್ನ ಎಡಗೈ ಬದಿ ಅಂದ್ರೆ ಅವ್ಳ ಬಲಭುಜ. ಊರವ್ರು ಸುಳ್ಳಿಗೆ ಹಾಂ ಅಂದದ್ದಲ್ಲ, ಖರೇ ಬಲ ಬಿತ್ತು ಅಂತ ಅಂದದ್ದು! ಸುಳ್ಳು ಹೇಳೂಕೆ ಹೋಗಿ ಖರೆ ಹೇಳಿ ಬಂದ ಗುನಗ ನಮ್ಮ ಕುಲದಲ್ಲಿ ನೀ ಒಬ್ನೇ!" ಎಂದು ಬಿದ್ದು ಬಿದ್ದು ನಕ್ಕ. "ಕಣ್ಣಿಗೆ ಆಯಾಸ ಮಾಡ್ಕೊಳ್ಬೇಡ ಅಂದಾರೆ" ಎಂದು ಅತ್ತಿಗೆ ಬೈದರೂ ನಿಲ್ಲಲಿಲ್ಲ.

ತಿಂಗಳಿಡೀ ಎದೆಯ ಮೇಲಿದ್ದ ಕಲ್ಲು ಇಳಿದುಹೋಯಿತು. ದೇವಿ ಮೊದಲೇ ಕೊಟ್ಟಿದ್ದಳು. ನಾನು ಕದ್ದುಕೊಂಡೆ ಅಂದುಕೊಂಡದ್ದನ್ನು ಅವಳು ಕೈಯಾರೆ ಕೊಟ್ಟಿದ್ದಳು. ಗುಡಿಯ ದಿಕ್ಕಿಗೆ ತಿರುಗಿ ಕೂತಲ್ಲೇ ಕೈ ಮುಗಿದೆ.

ಮುಗಿಯುತ್ತಿದ್ದ ಹಾಗೆ ಒಂದು ನೆನಪು ಬಂದು ಕೈ ಅಲ್ಲೇ ನಿಂತಿತು. ಇಪ್ಪತ್ತಾರು ವರ್ಷದ ಹಿಂದೆ, ಹೆಣ್ಣು ನೋಡಿ ಬಂದ ಮರುದಿನ, ಯಾರಿಗೂ ಹೇಳದೆ ಗುಡಿಗೆ ಹೋಗಿ ನಾನೇ ಎಸಳು ಅಂಟಿಸಿ ಕೇಳಿದ್ದೆ. ಬಲಕ್ಕೆ ಬಿದ್ದಿತ್ತು. ನನ್ನ ಬಲಕ್ಕೆ. ಆ ಧೈರ್ಯದ ಮೇಲೆಯೇ ಹೂಂ ಎಂದದ್ದು. ಹಾಗಾದರೆ ದೇವಿ ಅಂದು ಹೇಳಿದ್ದು "ತಡಿ" ಎಂದು!

ಮೆಲ್ಲಗೆ ತಲೆ ಎತ್ತಿ ಹೆಂಡತಿಯನ್ನು ನೋಡಿದೆ. ಅವಳು ಚಾದ ಲೋಟ ನನ್ನ ಕೈಗಿಟ್ಟು, ಏನೂ ಆಗದವಳ ಹಾಗೆ ಹೇಳಿದಳು:

"ಈಗ ಗೊತ್ತಾಯ್ತಾ? ಮದ್ವೆಯಾದ ವಾರಕ್ಕೇ ನೀವೇ ಹೇಳಿದ್ರಿ, ನನ್ನ ಬಲಗೈ ಬದಿಗೆ ಬಿತ್ತು ಅಂತ. ನಾನೂ ಗುನಗರ ಮಗಳು, ನಂಗೆ ಆಗ್ಲೇ ತಿಳೀತು. ಬಾಯಿ ಬಿಟ್ರೆ ನೀವು ಕಂಡಕ್ಟರು, ಮರುದಿನವೇ ಅಪ್ಪನ ಮನೆಗೆ ಬಸ್ಸು ಹತ್ತಿಸಿ ಸೀಟಿ ಊದ್ತೀರೇನೋ ಅಂತ ಇಪ್ಪತ್ತಾರು ವರ್ಷ ಸುಮ್ಮಂಗೆ ಇದ್ದೆ."